ಹಳೆಯ ಎಸ್‌ಎಂಪಿಎಸ್‌ನಿಂದ ರಿಪೇರಿ ಮೇಜಿಗೊಂದು ಪವರ್ ಸಪ್ಲೈ

ತುಮಕೂರಿನ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ರಿಪೇರಿಗೆಂದು ಇಟ್ಟುಕೊಂಡಿರುವ ಮೇಜಿನ ಕೆಳಗೆ ಅಡಾಪ್ಟರುಗಳು ತುಂಬಿದ ರಟ್ಟಿನ ಡಬ್ಬವೊಂದು ಬಹಳ ಕಾಲದಿಂದ ಇತ್ತು. ಯಾವುದೋ ಮೊಬೈಲಿನ 5 ವೋಲ್ಟ್, ಕೆಟ್ಟುಹೋದ ರೌಟರಿನ 9 ವೋಲ್ಟ್, ಸೆಟ್‌ಟಾಪ್ ಬಾಕ್ಸಿನ 12 ವೋಲ್ಟ್ ಹೀಗೆ ಹತ್ತಾರು ಬಗೆಯವು ಅದರಲ್ಲಿದ್ದರೂ, ರೇಡಿಯೊ ಅಥವಾ ಎಲ್‌ಇಡಿ ದೀಪವೊಂದು ರಿಪೇರಿಗೆ ಬಂದಾಗ ಬೇಕಾದ ವೋಲ್ಟೇಜಿನದು ಸಿಕ್ಕರೆ ಪಿನ್ ಹೊಂದುತ್ತಿರಲಿಲ್ಲ, ಪಿನ್ ಹೊಂದಿದರೆ ಕರೆಂಟ್ ಸಾಲುತ್ತಿರಲಿಲ್ಲ. 2006ರಲ್ಲಿ ಕೊಂಡಿದ್ದ ಮನೆಯ ಡೆಸ್ಕ್‌ಟಾಪ್ ಕಂಪ್ಯೂಟರನ್ನು ಕೊನೆಗೂ ಗುಜರಿಗೆ ಹಾಕಬೇಕಾಗಿ ಬಂದಾಗ, ಗೋಡೆಯ ಮೇನ್ಸ್ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಸಣ್ಣ ವೋಲ್ಟೇಜುಗಳಿಗೆ ಇಳಿಸಿಕೊಡುವ ಅದರೊಳಗಿನ ಎಸ್‌ಎಂಪಿಎಸ್ ಇನ್ನೂ ಸರಿಯಾಗಿಯೇ ಇದೆಯೆಂಬ ಕಾರಣಕ್ಕೆ ಅದೊಂದನ್ನು ಬಿಚ್ಚಿ ಉಳಿಸಿಕೊಂಡೆ.

ಅದರ ಮೈಮೇಲಿನ ಚೀಟಿಯಲ್ಲಿ 450 ವ್ಯಾಟ್ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಕೆಳಗಿನ ಸಣ್ಣ ಅಂಕಿಗಳನ್ನು ಗುಣಿಸಿ ಕೂಡಿಸಿದಾಗ ಕಥೆ ಬೇರೆಯಾಯಿತು. 12 ವೋಲ್ಟಿಗೆ 15 ಆಂಪಿಯರ್, 5 ವೋಲ್ಟಿಗೆ 25, 3.3 ವೋಲ್ಟಿಗೆ 18, ಮೈನಸ್ 12 ವೋಲ್ಟಿಗೆ ಅರ್ಧ ಆಂಪಿಯರ್, ಸ್ಟ್ಯಾಂಡ್‌ಬೈ 5 ವೋಲ್ಟಿಗೆ 2 ಆಂಪಿಯರ್. ಎಲ್ಲವನ್ನೂ ಸೇರಿಸಿದರೂ 380 ವ್ಯಾಟ್ ಆಸುಪಾಸಿಗೆ ನಿಲ್ಲುತ್ತದೆ, ಅದೂ ಎಲ್ಲ ಲೈನುಗಳೂ ಒಟ್ಟಿಗೆ ಪೂರ್ತಿ ದುಡಿದರೆ ಮಾತ್ರ. ನನ್ನ ಮೇಜಿಗೆ ಐವತ್ತು ವ್ಯಾಟ್ ಸಿಕ್ಕರೂ ಹೆಚ್ಚಾದ್ದರಿಂದ ಈ ವ್ಯತ್ಯಾಸದಿಂದ ತೊಂದರೆಯಿರಲಿಲ್ಲ. ಆದರೆ 12 ವೋಲ್ಟಿನ ಮುಂದಿದ್ದ ಆ 15 ಆಂಪಿಯರ್ ಎಂಬ ಅಂಕಿ ಮುಂದೆ ನನಗೆ ಪಾಠ ಕಲಿಸಲಿತ್ತು.

ಇಂಟೆಲ್ ಕಂಪನಿ 1995ರಲ್ಲಿ ಹೊರತಂದ ಎಟಿಎಕ್ಸ್ ಮಾನದಂಡದಿಂದಾಗಿ ಈ ಬಗೆಯ ಎಸ್‌ಎಂಪಿಎಸ್‌ಗಳ ವೈರುಗಳ ಬಣ್ಣಕ್ಕೆ ಖಚಿತವಾದ ಅರ್ಥವಿದೆ. ಕಿತ್ತಳೆ 3.3 ವೋಲ್ಟ್, ಕೆಂಪು 5 ವೋಲ್ಟ್, ಹಳದಿ 12 ವೋಲ್ಟ್, ನೀಲಿ ಮೈನಸ್ 12 ವೋಲ್ಟ್, ಕಪ್ಪು ಎಲ್ಲಕ್ಕೂ ಸಮಾನವಾದ ಗ್ರೌಂಡ್, ಎಂದರೆ ಕರೆಂಟು ಮರಳುವ ಮೈನಸ್ ದಾರಿ. ನೇರಳೆ ವೈರಿನಲ್ಲಿ ಮೇನ್ಸ್ ಇರುವಷ್ಟು ಹೊತ್ತೂ 5 ವೋಲ್ಟ್ ಇರುತ್ತದೆ. ಹಸಿರು ವೈರನ್ನು ಕಪ್ಪಿಗೆ ತಾಗಿಸಿದಾಗ ಮಾತ್ರ ಉಳಿದ ಲೈನುಗಳು ಜೀವ ಪಡೆಯುತ್ತವೆ, ಬಿಟ್ಟರೆ ಆರುತ್ತವೆ. ಬೂದು ವೈರು ಎಲ್ಲವೂ ಸರಿಯಿದೆ ಎಂದು ಮದರ್‌ಬೋರ್ಡಿಗೆ ತಿಳಿಸುವ ಸೂಚನೆ. ಇದಕ್ಕೂ ಹಳೆಯ ಸಪ್ಲೈಗಳಲ್ಲಿ ಮೈನಸ್ 5 ವೋಲ್ಟಿನ ಬಿಳಿ ವೈರು ಇರುತ್ತಿತ್ತು. ನನ್ನದರಲ್ಲಿ ಅದು ಇರಲಿಲ್ಲ. ಅಗ್ಗದ ಮಾಲುಗಳಲ್ಲಿ ಬಣ್ಣಗಳನ್ನು ಕಣ್ಣುಮುಚ್ಚಿ ನಂಬುವಂತಿಲ್ಲವಾದ್ದರಿಂದ ಒಂದು ವೈರನ್ನೂ ಕತ್ತರಿಸುವ ಮೊದಲೇ ಪ್ರತಿಯೊಂದನ್ನೂ ಮಲ್ಟಿಮೀಟರಿನಲ್ಲಿ ಅಳೆದು ಪುಸ್ತಕದಲ್ಲಿ ಬರೆದುಕೊಂಡೆ.

ಡಬ್ಬ ಬಿಚ್ಚುವ ಕೆಲಸದಲ್ಲಿ ಅವಸರ ಸಲ್ಲದು. ನಮ್ಮ 230 ವೋಲ್ಟ್ ಮೇನ್ಸ್ ಒಳಗೆ ಹೋದೊಡನೆ ನೇರ ಕರೆಂಟಾಗಿ ಸುಮಾರು 325 ವೋಲ್ಟಿಗೆ ಏರಿ, ಸಾಲಾಗಿ ಜೋಡಿಸಿದ ಎರಡು ದಪ್ಪ ಕೆಪಾಸಿಟರುಗಳಲ್ಲಿ ತುಂಬಿಕೊಳ್ಳುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಅಲ್ಲಿಯೇ ಉಳಿಯಬಹುದು. ಅದನ್ನು ನಿಧಾನವಾಗಿ ಬರಿದು ಮಾಡಲೆಂದು ಬೋರ್ಡಿನಲ್ಲಿಯೇ ರೆಸಿಸ್ಟರುಗಳಿರುತ್ತವೆ, ಆದರೆ ಅವು ಸುಟ್ಟುಹೋಗಿದ್ದರೆ ಹೊರಗಿನಿಂದ ತಿಳಿಯುವ ಬಗೆ ಇಲ್ಲ. ಆದ್ದರಿಂದ ಪ್ಲಗ್ ಕಿತ್ತು, ಅರ್ಧ ಗಂಟೆ ಬಿಟ್ಟು, ಮುಚ್ಚಳ ತೆಗೆದು, ಯಾವುದನ್ನೂ ಮುಟ್ಟದೆ ಎರಡೂ ಕೆಪಾಸಿಟರುಗಳ ತುದಿಗಳನ್ನು ಅಳೆದೆ. ಒಂದರಲ್ಲಿ 6 ವೋಲ್ಟ್, ಇನ್ನೊಂದರಲ್ಲಿ 7 ವೋಲ್ಟ್ ಉಳಿದಿತ್ತು. ಆದರೂ 10 ವ್ಯಾಟಿನ 2.2 ಕಿಲೋ ಓಮ್ ರೆಸಿಸ್ಟರಿಗೆ ಸ್ಲೀವ್ ಹಾಕಿದ ಕ್ಲಿಪ್‌ಗಳನ್ನು ಬೆಸೆದು, ಒಂದೊಂದರ ಮೇಲೂ ಕೆಲವು ಸೆಕೆಂಡ್ ಹಿಡಿದೆ. ಸ್ಕ್ರೂಡ್ರೈವರಿನಿಂದ ಎರಡು ಕಾಲುಗಳನ್ನು ಕೂಡಿಸಿ ಕಿಡಿ ಹಾರಿಸುವವರನ್ನು ನಾನು ನೋಡಿದ್ದೇನೆ; ಅವರ ಸ್ಕ್ರೂಡ್ರೈವರುಗಳ ತುದಿಯನ್ನೂ ನೋಡಿದ್ದೇನೆ.

ಒಳಗೆ ಇಪ್ಪತ್ತು ವರ್ಷಗಳ ಧೂಳು ಕಂಬಳಿಯ ಹಾಗೆ ಹೊದ್ದುಕೊಂಡಿತ್ತು. ಬಣ್ಣ ಬಳಿಯುವ ಒಣ ಬ್ರಷ್‌ನಿಂದ ಅದನ್ನು ಕೊಡವಿದಾಗ, 5 ವೋಲ್ಟ್ ಲೈನಿನ ಎರಡು ಕೆಪಾಸಿಟರುಗಳ ನೆತ್ತಿ ಉಬ್ಬಿರುವುದು ಕಾಣಿಸಿತು. ಎರಡೂ 10 ವೋಲ್ಟ್, 2200 ಮೈಕ್ರೋಫ್ಯಾರಡ್‌ನವು. ಬೆಂಗಳೂರಿಗೆ ಹೋಗುವ ಕೆಲಸವಿದ್ದದ್ದರಿಂದ ಎಸ್.ಪಿ. ರಸ್ತೆಯಲ್ಲಿ 105 ಡಿಗ್ರಿಯ, ಎಸ್‌ಎಂಪಿಎಸ್‌ಗೆಂದೇ ಮಾಡಿದ ಬಗೆಯವನ್ನು ಕೇಳಿ ತಂದೆ. ಹೆಚ್ಚಿನ ವೋಲ್ಟೇಜಿನದು ಹೆಚ್ಚು ಬಾಳುತ್ತದೆಂದು 16 ವೋಲ್ಟಿನವನ್ನೂ ಒಂದು ಜೊತೆ ತಂದಿದ್ದೆ. ಅವುಗಳ ಸುತ್ತಳತೆ ದೊಡ್ಡದಾಗಿ ಅಕ್ಕಪಕ್ಕದ ಕಾಯಿಲ್‌ಗೆ ಒತ್ತಿಕೊಂಡಿದ್ದರಿಂದ ಹಾಕಲಾಗಲಿಲ್ಲ.

ಮದರ್‌ಬೋರ್ಡಿಗೆ ಹೋಗುವ ದೊಡ್ಡ ಕನೆಕ್ಟರನ್ನು ಕತ್ತರಿಸಿ, ಒಂದೊಂದು ಬಣ್ಣದ ವೈರುಗಳನ್ನೂ ಬೇರೆ ಬೇರೆ ಕಟ್ಟಾಗಿ ಕಟ್ಟಿ, ಹಸಿರಿಗೂ ಕಪ್ಪಿಗೂ ನಡುವೆ ಸಣ್ಣ ಟಾಗಲ್ ಸ್ವಿಚ್ ಹಾಕಿ ಬಿಚ್ಚಿದ ಮೇಲೆ ಮೊದಲ ಸಲ ಪ್ಲಗ್ ಚುಚ್ಚಿದೆ. ನೇರಳೆಯಲ್ಲಿ 5.06 ವೋಲ್ಟ್ ಬಂತು. ಸ್ವಿಚ್ ಒತ್ತಿದಾಗ ಫ್ಯಾನ್ ಒಮ್ಮೆ ಅಲುಗಿ ನಿಂತುಬಿಟ್ಟಿತು. ಮತ್ತೆ ಒತ್ತಿದರೂ ಅಷ್ಟೇ. ನಾನು ಹೊಸದಾಗಿ ಬೆಸೆದ ಕೆಪಾಸಿಟರುಗಳ ಮೇಲೆ ಅನುಮಾನಪಟ್ಟು ಅವುಗಳ ಪ್ಲಸ್ ಮೈನಸ್ ನೋಡಿದೆ, ಬೆಸುಗೆ ನೋಡಿದೆ, ಎಲ್ಲಿಯಾದರೂ ತವರದ ಹನಿ ಬಿದ್ದಿದೆಯೇ ಎಂದು ಭೂತಗನ್ನಡಿಯಲ್ಲಿ ಹುಡುಕಿದೆ. ಒಂದು ಗಂಟೆ ಕಳೆದ ಮೇಲೆ ಕಣ್ಣಿಗೆ ಬಿದ್ದದ್ದು ಕತ್ತರಿಸಿ ಬದಿಗಿಟ್ಟ ಕನೆಕ್ಟರು: ಅದರ ಒಂದು ತೂತಿನಲ್ಲಿ ದಪ್ಪ ಕಿತ್ತಳೆ ವೈರಿನ ಜೊತೆಗೆ ತೆಳ್ಳಗಿನ ಕಂದು ವೈರೊಂದು ಸೇರಿಕೊಂಡಿತ್ತು. ಅದು ಕರೆಂಟ್ ಕೊಡುವ ವೈರಲ್ಲ. ಮದರ್‌ಬೋರ್ಡಿನ ಬಳಿ 3.3 ವೋಲ್ಟ್ ನಿಜವಾಗಿ ಎಷ್ಟು ತಲುಪಿದೆ ಎಂದು ಒಳಗಿನ ಸರ್ಕ್ಯೂಟಿಗೆ ವರದಿ ಮಾಡುವ ವೈರು. ಅದನ್ನು ತುಂಡರಿಸಿದಾಗ ವೋಲ್ಟೇಜ್ ತಲುಪುತ್ತಲೇ ಇಲ್ಲವೆಂದು ತಿಳಿದ ಸರ್ಕ್ಯೂಟು ಏರಿಸುತ್ತ ಹೋಗುತ್ತದೆ, ಮಿತಿ ಮೀರಿದೊಡನೆ ರಕ್ಷಣಾ ಭಾಗ ಎಲ್ಲವನ್ನೂ ಆರಿಸುತ್ತದೆ. ಕಂದನ್ನು ಮತ್ತೆ ಕಿತ್ತಳೆಗೆ ಬೆಸೆದಾಗ ಫ್ಯಾನ್ ನಿಲ್ಲದೆ ತಿರುಗಿತು. ಕೆಲವು ಸಪ್ಲೈಗಳಲ್ಲಿ ಈ ವೈರೂ ಕಿತ್ತಳೆ ಬಣ್ಣದ್ದೇ ಆಗಿರುತ್ತದೆ, ತೆಳ್ಳಗಿರುವುದೊಂದೇ ಗುರುತು.

ಫ್ಯಾನ್ ತಿರುಗಿತಾದರೂ 12 ವೋಲ್ಟಿನ ಲೈನಿನಲ್ಲಿ 11.27 ಮಾತ್ರ ಬರುತ್ತಿತ್ತು. ಎಟಿಎಕ್ಸ್ ಮಾನದಂಡದ ಪ್ರಕಾರ ಶೇಕಡಾ 5ರಷ್ಟು ಏರಿಳಿತಕ್ಕೆ ಅವಕಾಶವಿದೆ, ಎಂದರೆ 11.4ರ ಕೆಳಗೆ ಇಳಿಯಬಾರದು. ಇದು ದೋಷವಲ್ಲ, ಆ ಕಾಲದ ಸಪ್ಲೈಗಳ ಸ್ವಭಾವ. ಒಂದೇ ಟ್ರಾನ್ಸ್‌ಫಾರ್ಮರಿನಿಂದ 5 ಮತ್ತು 12 ವೋಲ್ಟ್ ಎರಡನ್ನೂ ತೆಗೆದು, ಎರಡರ ಸರಾಸರಿಯಂಥದ್ದೊಂದನ್ನು ನೋಡಿಕೊಂಡು ಸರ್ಕ್ಯೂಟು ಹದ ಮಾಡುತ್ತದೆ. ಕಂಪ್ಯೂಟರಿನಲ್ಲಿ 5 ವೋಲ್ಟಿನ ಮೇಲೆ ಸದಾ ಹೊರೆ, ಎಂದರೆ ಕರೆಂಟ್ ಎಳೆಯುವ ಭಾಗ, ಇರುತ್ತದೆಂಬ ನಂಬಿಕೆಯಿಂದ ಇದನ್ನು ಮಾಡಿರುವುದರಿಂದ, ಆ ಹೊರೆ ಇಲ್ಲದಿದ್ದಾಗ 5 ಏರುತ್ತದೆ, 12 ಇಳಿಯುತ್ತದೆ. ಕೆಂಪಿಗೂ ಕಪ್ಪಿಗೂ ನಡುವೆ 10 ಓಮ್, 10 ವ್ಯಾಟಿನ ಬಿಳಿ ಸಿಮೆಂಟ್ ರೆಸಿಸ್ಟರೊಂದನ್ನು ಹಾಕಿದಾಗ ಅರ್ಧ ಆಂಪಿಯರ್ ಹರಿದು 12 ವೋಲ್ಟ್ ಲೈನು 11.74ಕ್ಕೆ ಏರಿತು. ಬಳಿಕ ಕಾರಿನ ಹೆಡ್‌ಲೈಟಿನ 55 ವ್ಯಾಟ್ ಬಲ್ಬನ್ನು ಹಚ್ಚಿ ಪರೀಕ್ಷಿಸಲು ಹೋದರೆ ಸಪ್ಲೈ ತಕ್ಷಣ ಆರಿಹೋಯಿತು. ಉರಿಯುವಾಗ ನಾಲ್ಕೂವರೆ ಆಂಪಿಯರ್ ಎಳೆಯುವ ಬಲ್ಬು ತಣ್ಣಗಿರುವಾಗ ಅದರ ಸುಮಾರು ಹತ್ತು ಪಟ್ಟು ಎಳೆಯುತ್ತದೆಂಬುದು ಆಮೇಲೆ ಹೊಳೆಯಿತು. ಇಂಡಿಕೇಟರಿನ 21 ವ್ಯಾಟ್ ಬಲ್ಬುಗಳನ್ನು ಒಂದಾದ ಮೇಲೊಂದರಂತೆ ಎರಡು ಹಚ್ಚಿದಾಗ ತೊಂದರೆಯಾಗಲಿಲ್ಲ, ಆದರೆ ವೋಲ್ಟೇಜ್ ಮತ್ತೆ 11.38ಕ್ಕೆ ಜಾರಿತು. ಆದ್ದರಿಂದ ಮೊದಲನೆಯ ರೆಸಿಸ್ಟರಿನ ಪಕ್ಕದಲ್ಲಿ ಅಂಥದೇ ಇನ್ನೊಂದನ್ನು ಸೇರಿಸಿ ಹೊರೆಯನ್ನು ಒಂದು ಆಂಪಿಯರಿಗೆ ಏರಿಸಿದೆ. ಎರಡೂ ಸೇರಿ 5 ವ್ಯಾಟ್ ಶಾಖ ಬಿಡುತ್ತವೆ. ಬೆರಳಿಟ್ಟರೆ ಸುಡುವುದರಿಂದ ಅಲ್ಯೂಮಿನಿಯಂ ಪಟ್ಟಿಯೊಂದನ್ನು ಬಗ್ಗಿಸಿ, ಯಾವ ವೈರೂ ತಾಗದಂತೆ, ಫ್ಯಾನಿನ ಗಾಳಿ ಬೀಸುವೆಡೆ ತಳಕ್ಕೆ ಬಿಗಿದಿದ್ದೇನೆ.

ಈ ಹಂತದಲ್ಲಿ ತಗಡಿನ ಡಬ್ಬಕ್ಕೆ ಮುಂಗೈ ತಾಗಿದಾಗಲೆಲ್ಲ ಜುಮ್ಮೆನ್ನುತ್ತಿತ್ತು. ಟೆಸ್ಟರ್ ಇಟ್ಟರೆ ಮಂಕಾಗಿ ಉರಿಯುತ್ತಿತ್ತು. ಡಬ್ಬಕ್ಕೂ ಕೋಣೆಯ ಹೊರಗಿನ ಬೋರ್‌ವೆಲ್ಲಿನ ಕಬ್ಬಿಣದ ಪೈಪಿಗೂ ನಡುವೆ ಅಳೆದಾಗ ಎಸಿ 104 ವೋಲ್ಟ್ ತೋರಿಸಿತು. ಎಸ್‌ಎಂಪಿಎಸ್‌ನೊಳಗೆ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಹೀಗೆ ಎರಡು ಸಣ್ಣ ಕೆಪಾಸಿಟರುಗಳನ್ನು ಡಬ್ಬಕ್ಕೆ ಜೋಡಿಸಿರುತ್ತಾರೆ. ಅವು ಅಡಚಣೆಯ ಅಲೆಗಳನ್ನು ಭೂಮಿಗೆ ಇಳಿಸಲೆಂದು ಇರುವಂಥವು. ಅರ್ತ್ ಇಲ್ಲದಿದ್ದರೆ ಡಬ್ಬ ಎರಡರ ನಡುವೆ ತೂಗಾಡಿ ಮೇನ್ಸಿನ ಅರ್ಧದಷ್ಟು ವೋಲ್ಟೇಜಿಗೆ ಬಂದು ನಿಲ್ಲುತ್ತದೆ. ಕಂಪ್ಯೂಟರಿನಲ್ಲಿ ಇದ್ದಷ್ಟು ಕಾಲ ಇದನ್ನು ಯಾರೂ ಲೆಕ್ಕಿಸಿರಲಿಲ್ಲ. ಮೇಜಿನ ಸಪ್ಲೈಯಲ್ಲಿ ಇದನ್ನು ಬಿಡುವಂತಿಲ್ಲ, ಏಕೆಂದರೆ ಕಪ್ಪು ವೈರುಗಳೆಲ್ಲವೂ ಡಬ್ಬಕ್ಕೆ ಕೂಡಿಕೊಂಡಿರುವುದರಿಂದ ರಿಪೇರಿಗೆ ಬಂದ ಪ್ರತಿಯೊಂದು ಬೋರ್ಡಿನ ಮೈನಸ್ ಕೂಡ ಅದೇ ವೋಲ್ಟೇಜಿನಲ್ಲಿ ತೇಲುತ್ತದೆ. ಎಲೆಕ್ಟ್ರಿಷಿಯನ್ ಬಂದು ಸ್ವಿಚ್‌ಬೋರ್ಡ್ ಬಿಚ್ಚಿ, "ಸಾರ್, ಅರ್ತ್ ವೈರು ಮೇಲಿನ ರೂಮಿಗೆ ಬಂದೇ ಇಲ್ವಲ್ಲ" ಎಂದರು. ಮೂರನೆಯ ಪಿನ್ನಿನ ತೂತು ಇಷ್ಟು ವರ್ಷ ಬರೀ ತೂತಾಗಿತ್ತು. ಕೆಳಗಿನಿಂದ ಹಸಿರು ವೈರು ಎಳೆಸಿದ ಮೇಲೆ ಅದೇ ಅಳತೆ ಒಂದು ವೋಲ್ಟಿಗೂ ಕೆಳಗೆ ಇಳಿಯಿತು. ಈ ಕೆಲಸಕ್ಕೆ ಇಳಿಯುವವರು ಮೊದಲು ಗೋಡೆಯ ಸಾಕೆಟ್ಟನ್ನೇ ಪರೀಕ್ಷಿಸುವುದು ಒಳ್ಳೆಯದು.

ಇನ್ನು 15 ಆಂಪಿಯರಿನ ವಿಷಯ. ಟರ್ಮಿನಲ್‌ಗಳನ್ನು ಕೂರಿಸುವ ಮೊದಲೇ, ಪರಿಚಯದವರೊಬ್ಬರು ಅಂಗಡಿಯ ಬೋರ್ಡಿನಿಂದ ಕಿತ್ತು ತಂದ 12 ವೋಲ್ಟಿನ ಎಲ್‌ಇಡಿ ಪಟ್ಟಿಯನ್ನು ಪರೀಕ್ಷಿಸಲು ಹಳದಿ ಮತ್ತು ಕಪ್ಪಿಗೆ ತೆಳುವಾದ ಬೆಲ್ ವೈರಿನಿಂದ ಜೋಡಿಸಿದ್ದೆ. ಮಳೆನೀರು ಹೊಕ್ಕು ಪಟ್ಟಿಯ ಒಂದು ಮೂಲೆ ಅರ್ಧಂಬರ್ಧ ಶಾರ್ಟ್ ಆಗಿತ್ತು. ಅಡಾಪ್ಟರ್ ಆಗಿದ್ದರೆ ಒಂದೆರಡು ಆಂಪಿಯರಿಗೆ ಕೈಚೆಲ್ಲುತ್ತಿತ್ತು. ಎಸ್‌ಎಂಪಿಎಸ್‌ಗೆ ಎಂಟೊಂಬತ್ತು ಆಂಪಿಯರ್ ಎಂಬುದು ದಿನನಿತ್ಯದ ಕೆಲಸ. ಅದು ಅಲುಗಾಡದೆ ಕೊಡುತ್ತಲೇ ಹೋಯಿತು, ನಾನು ಸ್ವಿಚ್‌ಗೆ ಕೈ ಚಾಚುವಷ್ಟರಲ್ಲಿ ಬೆಲ್ ವೈರಿನ ಪ್ಲಾಸ್ಟಿಕ್ ಕರಗಿ ಮೇಜಿನ ಮೇಲೆ ಎರಡು ಕಂದು ಗೆರೆಗಳನ್ನು ಬಿಟ್ಟಿತು. ಈ ಡಬ್ಬಕ್ಕೆ ಶಾರ್ಟ್ ಸರ್ಕ್ಯೂಟ್ ರಕ್ಷಣೆ ಇದೆಯೆಂಬ ಮಾತು ನಿಜವೇ, ಆದರೆ ಅದು ತನ್ನನ್ನು ತಾನು ಕಾಪಾಡಿಕೊಳ್ಳುವ ರಕ್ಷಣೆ, ಮುಂದಿರುವ ಬಡಪಾಯಿ ಸರ್ಕ್ಯೂಟಿಗಲ್ಲ. ವೈರುಗಳನ್ನು ಟರ್ಮಿನಲ್ಲಿಗೆ ಬೆಸೆಯುವುದು ಒಂದು ಮಧ್ಯಾಹ್ನದ ಕೆಲಸ, ಕೊಡುಗೈ ದೊಡ್ಡದಾದ ಈ ಡಬ್ಬದ ಕೈ ಹಿಡಿಯುವುದಕ್ಕೆ ಮಾತ್ರ ನನಗೆ ಮೂರು ಭಾನುವಾರ ಹಿಡಿಯಿತು.

ಮೊದಲ ಉಪಾಯ ಫ್ಯೂಸ್. 12 ಮತ್ತು 5 ವೋಲ್ಟಿಗೆ 5 ಆಂಪಿಯರ್, 3.3ಕ್ಕೆ 3 ಆಂಪಿಯರ್, ಮೈನಸ್ 12ಕ್ಕೆ ಕಾಲು ಆಂಪಿಯರಿನ ಗಾಜಿನ ಫ್ಯೂಸುಗಳನ್ನು, ಮುಂದಿನಿಂದಲೇ ತಿರುಗಿಸಿ ತೆಗೆಯಬಹುದಾದ ಹೋಲ್ಡರುಗಳಲ್ಲಿ ಹಾಕಿದೆ. 5 ಆಂಪಿಯರಿನ ಫ್ಯೂಸ್ 6 ಆಂಪಿಯರಿಗೆ ತಕ್ಷಣ ಹಾರುವುದಿಲ್ಲ, ಬಹಳ ಹೊತ್ತು ತಡೆದುಕೊಳ್ಳುತ್ತದೆ. ಹಾಗಾಗಿ ಇದು ವೈರಿಗೆ ಬೆಂಕಿ ಹತ್ತದಂತೆ ನೋಡಿಕೊಳ್ಳುತ್ತದೆಯೇ ಹೊರತು, ಇನ್ನೂರು ಮಿಲಿ ಆಂಪಿಯರ್ ಮಾತ್ರ ಎಳೆಯಬೇಕಾದ ರೇಡಿಯೊ ಬೋರ್ಡನ್ನು ಉಳಿಸುವುದಿಲ್ಲ.

ಅದಕ್ಕೆಂದು ಎಕ್ಸ್‌ಎಲ್ 4015 ಚಿಪ್ಪಿನ ಸಣ್ಣ ಮಾಡ್ಯೂಲೊಂದನ್ನು 12 ವೋಲ್ಟ್ ಲೈನಿನ ಮುಂದೆ ಸೇರಿಸಿದೆ. ಇದು ವೋಲ್ಟೇಜನ್ನು 1.25ರಿಂದ ಹತ್ತೂವರೆಯವರೆಗೆ ಬೇಕಾದಷ್ಟಕ್ಕೆ ಇಳಿಸಿಕೊಡುತ್ತದೆ, ಜೊತೆಗೆ ಇಷ್ಟಕ್ಕಿಂತ ಹೆಚ್ಚು ಕರೆಂಟ್ ಕೊಡಬೇಡವೆಂದು ಮಿತಿ ಹಾಕಲು ಎರಡನೆಯ ತಿರುಗಣೆಯೊಂದು ಇರುತ್ತದೆ. ಎಲ್‌ಎಂ 317 ಎಂಬ ವೋಲ್ಟೇಜ್ ಇಳಿಸುವ ಚಿಪ್ಪು ಹಾಕಿದರೆ ಸಾಕೆಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ, ಆದರೆ 12ರಿಂದ 3.3 ವೋಲ್ಟಿಗೆ ಒಂದು ಆಂಪಿಯರ್ ತೆಗೆದರೆ ಅದು ಒಂಬತ್ತು ವ್ಯಾಟಿನಷ್ಟನ್ನು ಬರೀ ಶಾಖವಾಗಿ ಕಳೆಯುತ್ತದೆ, ಕರೆಂಟಿನ ಮಿತಿಯನ್ನೂ ನಮಗೆ ಬೇಕಾದಲ್ಲಿ ನಿಲ್ಲಿಸಲಾಗದು. ಮಾಡ್ಯೂಲಿನ ಮೇಲಿದ್ದ ಎರಡು ಸಣ್ಣ ತಿರುಗಣೆಗಳನ್ನು ತೆಗೆದು, ಅಷ್ಟೇ ಓಮಿನ, ತಿರುಗಿಸಿ ಬದಲಿಸಬಹುದಾದ ದೊಡ್ಡ ಪಾಟ್‌ಗಳನ್ನು ವೈರು ಎಳೆದು ಮುಂಭಾಗಕ್ಕೆ ತಂದೆ. ಮಿತಿಯನ್ನು ನೂರು ಮಿಲಿ ಆಂಪಿಯರಿಗೆ ಇಟ್ಟು, ಮಾಡ್ಯೂಲನ್ನು ಮೇಜಿನ ಮೇಲೆಯೇ ಇಟ್ಟುಕೊಂಡು ಶಾರ್ಟ್ ಮಾಡಿ ನೋಡಿದಾಗ ಮೀಟರು ನೂರರಲ್ಲಿ ನಿಂತಿತು. ಸಂತೋಷದಿಂದ ಪೆಟ್ಟಿಗೆಯೊಳಗೆ ಕೂರಿಸಿ, ಮೊದಲ ರೇಡಿಯೊ ಬೋರ್ಡಿಗೆ ಜೋಡಿಸಿದೆ. ಬೋರ್ಡಿನ ಆಡಿಯೊ ಚಿಪ್ಪು ವಾಸನೆ ಬಿಟ್ಟಿತು.

ಕಾರಣ ಹುಡುಕುವುದಕ್ಕೆ ಎರಡನೆಯ ಭಾನುವಾರ ಪೂರ್ತಿ ಹೋಯಿತು. ಮೇಜಿನ ಮೇಲೆ ಸರಿಯಿದ್ದದ್ದು ಪೆಟ್ಟಿಗೆಯೊಳಗೆ ಏಕೆ ಕೆಟ್ಟಿತು? ಮಾಡ್ಯೂಲಿನ ಮೈನಸ್ ಔಟ್‌ಪುಟ್ಟನ್ನು ನಾನು ಉಳಿದೆಲ್ಲದರ ಜೊತೆಗೆ ಕಪ್ಪು ಟರ್ಮಿನಲ್ಲಿಗೆ ಕೂಡಿಸಿದ್ದೆ. ಗ್ರೌಂಡ್ ಎಂದರೆ ಎಲ್ಲವೂ ಒಂದೇ ಎಂಬ ರೂಢಿಯಿಂದ. ಆದರೆ ಈ ಮಾಡ್ಯೂಲು ಕರೆಂಟನ್ನು ಅಳೆಯುವುದೇ ಮೈನಸ್ ದಾರಿಯಲ್ಲಿ. ಒಳಬರುವ ಮೈನಸ್ಸಿಗೂ ಹೊರಹೋಗುವ ಮೈನಸ್ಸಿಗೂ ನಡುವೆ 0.05 ಓಮಿನ ರೆಸಿಸ್ಟರೊಂದಿದೆ, ಮರಳಿ ಬರುವ ಕರೆಂಟು ಅದರ ಮೂಲಕ ಹಾದಾಗ ಹುಟ್ಟುವ ಕೆಲವೇ ಮಿಲಿ ವೋಲ್ಟನ್ನು ನೋಡಿ ಅದು ಮಿತಿಯನ್ನು ತೀರ್ಮಾನಿಸುತ್ತದೆ. ನಾನು ಎರಡು ಮೈನಸ್ಸುಗಳನ್ನೂ ದಪ್ಪ ವೈರಿನಿಂದ ಕೂಡಿಸಿದಾಗ ಕರೆಂಟು ಆ ರೆಸಿಸ್ಟರನ್ನು ಬಿಟ್ಟು ಸುಲಭದ ದಾರಿ ಹಿಡಿಯಿತು. ಮಾಡ್ಯೂಲಿನ ಲೆಕ್ಕದಲ್ಲಿ ಹರಿದ ಕರೆಂಟು ಸೊನ್ನೆ. ಮಾಡ್ಯೂಲಿನ ಮೈನಸ್ಸಿಗೆಂದು ಪ್ರತ್ಯೇಕ ಟರ್ಮಿನಲ್ ಹಾಕಿ, ಕಪ್ಪಿನ ಬದಲು ಹಸಿರು ಬಣ್ಣದ್ದನ್ನು ಆರಿಸಿ ಈ ತೊಡಕನ್ನು ಬಿಡಿಸಿದೆ. ಪರೀಕ್ಷಿಸುವ ಬೋರ್ಡು ಯುಎಸ್‌ಬಿ ಕೇಬಲಿನಿಂದ ಕಂಪ್ಯೂಟರಿಗೂ ಜೋಡಣೆಯಾಗಿದ್ದರೆ, ಆ ಕಂಪ್ಯೂಟರಿನ ಅರ್ತ್ ಮೂಲಕವೂ ಇದೇ ಕಳ್ಳದಾರಿ ತೆರೆದುಕೊಳ್ಳುತ್ತದೆ. ಅಂಥ ಹೊತ್ತಿನಲ್ಲಿ ಕರೆಂಟಿನ ಮಿತಿಯನ್ನು ನಾನು ನಂಬುವುದಿಲ್ಲ. ಐವತ್ತು ಮಿಲಿ ಆಂಪಿಯರಿಗಿಂತ ಕೆಳಗೂ ನಂಬುವುದಿಲ್ಲ, ಏಕೆಂದರೆ ಅಷ್ಟು ಸಣ್ಣ ಕರೆಂಟಿಗೆ ಆ ರೆಸಿಸ್ಟರಿನಲ್ಲಿ ಹುಟ್ಟುವ ಎರಡೂವರೆ ಮಿಲಿ ವೋಲ್ಟು ಅಳೆಯುವ ಚಿಪ್ಪಿನ ಸ್ವಂತ ತಪ್ಪಿನಷ್ಟೇ ಇರುತ್ತದೆ.

ಪೆಟ್ಟಿಗೆಯ ವಿಷಯ ಹೆಚ್ಚಿಲ್ಲ. ತಗಡಿನ ಡಬ್ಬಕ್ಕೇ ತೂತು ಕೊರೆದರೆ ಲೋಹದ ಪುಡಿ ಒಳಗೆ ಬೀಳುವ ಭಯವಿತ್ತು. ಆದ್ದರಿಂದ ಹಳೆಯ ಮನೆಗಳಲ್ಲಿ ಗೋಡೆಗೆ ಬಡಿಯುತ್ತಿದ್ದ 8 ಇಂಚು ಅಗಲ, 10 ಇಂಚು ಉದ್ದದ ಮರದ ಸ್ವಿಚ್‌ಬೋರ್ಡ್ ಪೆಟ್ಟಿಗೆಯನ್ನು ಎಸ್‌ಎಂಪಿಎಸ್‌ನ ಮುಂದಕ್ಕೆ ಬಿಗಿದು, ಅದರ ಹೈಲಮ್ ಶೀಟಿನಲ್ಲಿ ಟರ್ಮಿನಲ್‌ಗಳನ್ನು ಕೂರಿಸಿದೆ. ಹೈಲಮ್ ವಿದ್ಯುತ್ ಹರಿಸುವುದಿಲ್ಲ, ಕೈ ಡ್ರಿಲ್ಲಿಗೂ ಬಗ್ಗುತ್ತದೆ. 12 ಮತ್ತು 5 ವೋಲ್ಟಿಗೆ ಮೂರು ಮೂರು ವೈರು, 3.3ಕ್ಕೆ ಎರಡು, ಕಪ್ಪಿಗೆ ಆರು ವೈರುಗಳನ್ನು ಹೆಣೆದು ಲಗ್‌ಗೆ ಬೆಸೆದಿದ್ದೇನೆ. ಉಳಿದವನ್ನು ಒಳಗೆಯೇ ಬೋರ್ಡಿನ ಬುಡದಲ್ಲಿ ಕತ್ತರಿಸಿದೆ. ನೇರಳೆಯಿಂದ 470 ಓಮಿನ ಮೂಲಕ ಕೆಂಪು ಎಲ್‌ಇಡಿ, ಕೆಂಪು ವೈರಿನಿಂದ ಹಸಿರು ಎಲ್‌ಇಡಿ. ಬೂದು ವೈರಿಗೆ ಎಲ್‌ಇಡಿ ಹಾಕುವವರಿದ್ದಾರೆ, ಆದರೆ ಅದು ಸೂಚನೆಯ ವೈರಾದ್ದರಿಂದ ದೀಪ ಉರಿಸುವಷ್ಟು ಕಸುವು ಅದಕ್ಕಿಲ್ಲ. ಸ್ಲೀವ್ ಹಾಕಿ ಬಿಟ್ಟಿದ್ದೇನೆ. ಹಳದಿಗೂ ಕೆಂಪಿಗೂ ನಡುವೆ 7 ವೋಲ್ಟ್ ಸಿಗುತ್ತದೆಂಬ ಜಾಣತನವನ್ನೂ ಬಳಸಿಲ್ಲ, ಏಕೆಂದರೆ ಆ ಕರೆಂಟು 5 ವೋಲ್ಟಿನ ಲೈನಿಗೆ ಮರಳಿ ನುಗ್ಗುತ್ತದೆ, ಅಲ್ಲಿನ ಹೊರೆ ಅದಕ್ಕಿಂತ ಹೆಚ್ಚಿಲ್ಲದಿದ್ದರೆ ಆ ಲೈನು ಮೇಲೇರುತ್ತದೆ. ಸ್ಕೂಟರಿನ ಬ್ಯಾಟರಿ ಚಾರ್ಜ್ ಮಾಡಿಕೊಡಿ ಎಂದು ಇಬ್ಬರು ಕೇಳಿದರು. ಬ್ಯಾಟರಿ ತುಂಬಲು 13.8 ವೋಲ್ಟಿನಷ್ಟಾದರೂ ಬೇಕು, ಇದರಲ್ಲಿ ಅದು ಇಲ್ಲವೆಂದು ಕಳುಹಿಸಿದೆ.

ಎಸ್.ಪಿ. ರಸ್ತೆಯ ಬಿಲ್ಲು, ಮಾಡ್ಯೂಲು, ಹೈಲಮ್ ಎಲ್ಲ ಸೇರಿ ಸಾವಿರ ರೂಪಾಯಿಯ ಒಳಗಾಯಿತು. ಅರ್ತ್ ವೈರು ಎಳೆಸಿದ್ದು ಅದಕ್ಕಿಂತ ಹೆಚ್ಚಾಯಿತು. ಐದು ತಿಂಗಳಲ್ಲಿ ಮೂರು ಫ್ಯೂಸುಗಳು ಹಾರಿವೆ, ಮೂರೂ 12 ವೋಲ್ಟಿನವು. ಫ್ಯಾನಿನ ಗದ್ದಲ ಮಾತ್ರ ರೇಡಿಯೊ ಟ್ಯೂನ್ ಮಾಡುವಾಗ ಅಡ್ಡಬರುತ್ತದೆ, ಆದರೆ ಸಿಮೆಂಟ್ ರೆಸಿಸ್ಟರುಗಳಿರುವುದರಿಂದ ಅದನ್ನು ನಿಧಾನಗೊಳಿಸಲು ಇನ್ನೂ ಧೈರ್ಯ ಮಾಡಿಲ್ಲ. ಅಡಾಪ್ಟರುಗಳ ರಟ್ಟಿನ ಡಬ್ಬವನ್ನು ಕಳೆದ ವಾರ ಮೇಜಿನ ಮೇಲೆ ಸುರಿದು, ಅವುಗಳ ವೈರುಗಳನ್ನು ಪಿನ್ನಿನ ಸಮೇತ ಅರ್ಧ ಮೀಟರ್ ಉದ್ದಕ್ಕೆ ಕತ್ತರಿಸಿ, ಇನ್ನೊಂದು ತುದಿಗೆ ಕೆಂಪು ಕಪ್ಪು ಬನಾನಾ ಪಿನ್ನುಗಳನ್ನು ಹಾಕಿದೆ. ಈಗ ಗೋಡೆಯ ಮೊಳೆಗೆ ಹದಿನಾಲ್ಕು ಬಗೆಯ ಲೀಡುಗಳು ನೇತಾಡುತ್ತಿವೆ.